ಕಾರ್ಖಾನೆಯ ಸುಸ್ಥಿರ ಆಯ್ಕೆಗೆ ಬಹುಮಾನದಂಡ ಲೆಕ್ಕ: ಪ್ರಶ್ನೆಯಿಂದ ನಿರ್ಧಾರದವರೆಗೆ

ಹೊಸ ಯಂತ್ರ, ಹೊಸ ಕೂಲಂಟ್, ಹೊಸ ಬಾಯ್ಲರ್, ಹೊಸ ಪೂರೈಕೆದಾರ, ಯಾವುದನ್ನು ಆರಿಸುವಾಗಲೂ ವೆಚ್ಚ, ವಿದ್ಯುತ್, ತ್ಯಾಜ್ಯ, ಕಾರ್ಮಿಕರ ಆರೋಗ್ಯ ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಇವನ್ನೆಲ್ಲ ಒಂದೇ ಹಾಳೆಯಲ್ಲಿ ತೂಗಿ ನೋಡುವ ವಿಧಾನಗಳಿಗೆ ಬಹುಮಾನದಂಡ ನಿರ್ಧಾರ ಮಾದರಿಗಳು ಎಂದು ಹೆಸರು. ಎಎಚ್‌ಪಿ, ಟಾಪ್ಸಿಸ್, ಪ್ರಾಮಿಥೀ, ಬೆಸ್ಟ್-ವರ್ಸ್ಟ್ ಹೀಗೆ ಹತ್ತಾರು ಇವೆ. ಸೂತ್ರಗಳು ಕಷ್ಟದವಲ್ಲ, ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ತಪ್ಪು ನುಸುಳುವುದು ಸೂತ್ರಕ್ಕೆ ಮೊದಲು, ಅಂದರೆ ಏನನ್ನು ಯಾವ ಘಟಕದಲ್ಲಿ ಅಳೆದೆವು, ಆ ಅಳತೆಯನ್ನು ಅಂಕವಾಗಿ ಹೇಗೆ ಬದಲಿಸಿದೆವು ಎಂಬಲ್ಲಿ. ಅದೇ ಅಂಕಿ, ಅದೇ ತೂಕ ಇಟ್ಟುಕೊಂಡು ಎರಡು ಗೌರವಾನ್ವಿತ ವಿಧಾನಗಳು ಎರಡು ಬೇರೆ ವಿಜೇತರನ್ನು ಕೊಡುವುದನ್ನು ಕೆಳಗಿನ ಉದಾಹರಣೆಯಲ್ಲಿ ಕಾಣಬಹುದು.

ಉದಾಹರಣೆ ಇದು: ಲೋಹದ ಬಿಡಿಭಾಗ ಕಡೆಯುವ ವಿಭಾಗ. ಈಗ ಎಮಲ್ಶನ್ ಕೂಲಂಟನ್ನು (ನೀರಿನಲ್ಲಿ ಎಣ್ಣೆ ಬೆರೆಸಿದ ತಂಪು ದ್ರವ) ಧಾರಾಳವಾಗಿ ಹರಿಸಲಾಗುತ್ತಿದೆ. ಅದರ ಬದಲು ಕನಿಷ್ಠ ಎಣ್ಣೆ ಸಿಂಪಡಣೆಗೆ (ಎಂಕ್ಯೂಎಲ್) ಅಥವಾ ದ್ರವ ಸಾರಜನಕದ ತಂಪಿಗೆ ಹೋಗಬೇಕೇ? ಹರಿವಿನ ಪದ್ಧತಿಯಲ್ಲಿ ನಿಮಿಷಕ್ಕೆ ಲೀಟರುಗಟ್ಟಲೆ ದ್ರವ ಸುತ್ತುತ್ತದೆ. ಎಂಕ್ಯೂಎಲ್‌ನಲ್ಲಿ ಗಂಟೆಗೆ ಸಾಮಾನ್ಯವಾಗಿ 10ರಿಂದ 100 ಮಿಲಿಲೀಟರ್ ಎಣ್ಣೆ ಸಂಕುಚಿತ ಗಾಳಿಯೊಂದಿಗೆ ಹೋಗುತ್ತದೆ. ದ್ರವ ಸಾರಜನಕ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗಿ, ಹಿಂದೆ ಏನನ್ನೂ ಉಳಿಸುವುದಿಲ್ಲ.

ಪ್ರಶ್ನೆ ಮತ್ತು ಘಟಕ

"ಪರಿಸರಸ್ನೇಹಿ ಕೂಲಂಟ್ ಯಾವುದು?" ಎಂದು ಕೇಳಿದರೆ ಲೆಕ್ಕ ಶುರುವಾಗುವುದೇ ಇಲ್ಲ. ಹೀಗೆ ಬರೆಯಿರಿ: "ಈ ಬಿಡಿಭಾಗವನ್ನು, ಈ ಯಂತ್ರದಲ್ಲಿ, ಮುಂದಿನ ಇಷ್ಟು ವರ್ಷ ತಯಾರಿಸಲು ಯಾವ ತಂಪು ಪದ್ಧತಿ?" ಜೊತೆಗೆ ಎಲ್ಲ ಅಂಕಿಗಳೂ ಯಾವುದರ ಲೆಕ್ಕದಲ್ಲಿ ಎಂದು ನಿಗದಿಮಾಡಿ. ಇಲ್ಲಿ "ತಪಾಸಣೆಯಲ್ಲಿ ಪಾಸಾದ 100 ಬಿಡಿಭಾಗ" ಎಂದು ಇಟ್ಟುಕೊಳ್ಳೋಣ. "ಪಾಸಾದ" ಎಂಬ ಮಾತನ್ನು ಬಿಡಬೇಡಿ. ತಯಾರಾದ 100ಕ್ಕೆ 30 ಕಿಲೋವ್ಯಾಟ್ ಗಂಟೆ ಖರ್ಚಾಗಿ, ಅದರಲ್ಲಿ 6 ತಿರಸ್ಕೃತವಾದರೆ, ಪಾಸಾದ 100ರ ಲೆಕ್ಕದಲ್ಲಿ ಅದು 31.9 ಆಗುತ್ತದೆ. ತಂಪು ಪದ್ಧತಿ ಬದಲಾದಾಗ ತಿರಸ್ಕಾರದ ಪ್ರಮಾಣವೂ ಬದಲಾಗುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಮುಂದಿನದು ಗಡಿ. ಜೀವನಚಕ್ರ ವಿಶ್ಲೇಷಣೆಯ ಮಾನಕಗಳಾದ ಐಎಸ್‌ಒ 14040 ಮತ್ತು 14044 ಕೇಳುವುದೂ ಇದನ್ನೇ: ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತೀರಿ? ಕಾರ್ಖಾನೆಯ ಮೀಟರ್ ಮಾತ್ರ ನೋಡಿದರೆ ದ್ರವ ಸಾರಜನಕಕ್ಕೆ ವಿದ್ಯುತ್ತೇ ಬೇಡವೇನೋ ಎನ್ನಿಸುತ್ತದೆ. ಗಾಳಿಯನ್ನು ದ್ರವವಾಗಿಸಿ ಸಾರಜನಕವನ್ನು ಬೇರ್ಪಡಿಸುವ ಘಟಕದಲ್ಲಿ ಆಗುವ ವಿದ್ಯುತ್ ಖರ್ಚನ್ನು ಸೇರಿಸಿದ ಮೇಲೆ ಚಿತ್ರವೇ ಬೇರೆ. ಒಂದು ಆಯ್ಕೆಗೆ ಗಡಿ ಗೇಟಿನವರೆಗೆ, ಇನ್ನೊಂದಕ್ಕೆ ಪೂರೈಕೆದಾರನವರೆಗೆ ಎಂದಾದರೆ ಹೋಲಿಕೆ ಕೆಟ್ಟಿತು. ಎಲ್ಲಕ್ಕೂ ಒಂದೇ ಗಡಿ.

ಜರಡಿ

ಆಯ್ಕೆಗಳ ಪಟ್ಟಿಯಲ್ಲಿ "ಈಗಿನದನ್ನೇ ಸರಿಯಾಗಿ ನಡೆಸುವುದು" ಕಡ್ಡಾಯವಾಗಿ ಇರಲಿ. ಸಾಂದ್ರತೆ ನೋಡದ, ತೇಲುವ ಎಣ್ಣೆ ತೆಗೆಯದ, ಸಂಪ್ (ಕೂಲಂಟ್ ತೊಟ್ಟಿ) ತೊಳೆಯದ ಹಳೆಯ ವ್ಯವಸ್ಥೆಯನ್ನು ಹೊಚ್ಚ ಹೊಸ ವ್ಯವಸ್ಥೆಯ ಎದುರು ನಿಲ್ಲಿಸಿದರೆ ಹೊಸದು ಗೆಲ್ಲದೇ ಇರುತ್ತದೆಯೇ? ಆಗ ನೀವು ಹೋಲಿಸುತ್ತಿರುವುದು ನಿರ್ವಹಣೆಯನ್ನು, ತಂತ್ರಜ್ಞಾನವನ್ನಲ್ಲ. ಮೊದಲು ರಿಫ್ರ್ಯಾಕ್ಟೋಮೀಟರ್ ಹಿಡಿದು ಎಮಲ್ಶನ್ನಿನ ಸಾಂದ್ರತೆಯನ್ನು ತಯಾರಕರು ಹೇಳಿದ ಮಟ್ಟಕ್ಕೆ ತನ್ನಿ, ಆಮೇಲೆ ಅಳೆಯಿರಿ.

ನಂತರ, ಯಾವುದರಲ್ಲಿ ರಾಜಿಯೇ ಇಲ್ಲವೋ ಅದನ್ನು ಅಂಕಪಟ್ಟಿಗೆ ತರದೆ ಜರಡಿಯಾಗಿ ಬಳಸಿ. ಮೇಲ್ಮೈ ಒರಟುತನ 1.6 ಮೈಕ್ರೋಮೀಟರ್ ಮೀರಬಾರದು ಎಂದು ನಕ್ಷೆ ಹೇಳಿದರೆ ಮೀರಿದ್ದು ಹೊರಗೆ. ದ್ರವವೇ ಇಲ್ಲದ ಒಣ ಕಡೆತ ಈ ಉದಾಹರಣೆಯಲ್ಲಿ ಇಲ್ಲೇ ಉದುರುತ್ತದೆ ಎಂದುಕೊಳ್ಳಿ. ಕಾನೂನಿನ ಮಿತಿ, ಸುರಕ್ಷತೆ, ಗ್ರಾಹಕರ ಗುಣಮಟ್ಟ ಇವೆಲ್ಲ ಜರಡಿಯ ಸರಕು. ಒಂದು ಲೀಟರ್ ದ್ರವ ಸಾರಜನಕ ಕೋಣೆಯ ಉಷ್ಣತೆಯಲ್ಲಿ ಸುಮಾರು 700 ಲೀಟರ್ ಅನಿಲವಾಗಿ ಆಮ್ಲಜನಕವನ್ನು ಹೊರದೂಡುತ್ತದೆ. ಆದ್ದರಿಂದ ಆಮ್ಲಜನಕ 19.5 ಶೇಕಡಾಕ್ಕಿಂತ ಕೆಳಗಿಳಿದರೆ ಕೂಗುವ ಸಂವೇದಕ ಮತ್ತು ಗಾಳಿಯಾಟ ಇಲ್ಲದ ಸಾರಜನಕ ವ್ಯವಸ್ಥೆ ಪಟ್ಟಿಗೇ ಬರಬಾರದು. ಇಂಥದ್ದಕ್ಕೆ ಅಂಕ ಕೊಟ್ಟರೆ, ಉಳಿತಾಯ ಹೆಚ್ಚಿದ್ದಾಗ ಉಸಿರುಗಟ್ಟುವ ಅಪಾಯವನ್ನೂ ಮಾದರಿ "ಪರವಾಗಿಲ್ಲ" ಎಂದುಬಿಡುತ್ತದೆ.

ಮಾನದಂಡಗಳು

ನಾಲ್ಕರಿಂದ ಏಳು ಮಾನದಂಡ ಸಾಕು. ಹೆಚ್ಚಾದಂತೆ ಪ್ರತಿಯೊಂದರ ತೂಕವೂ ತೆಳುವಾಗುತ್ತದೆ, ಹೋಲಿಕೆಗಳೂ ಬೆಳೆಯುತ್ತವೆ. ಇಲ್ಲಿ ಬರುವ ದೊಡ್ಡ ದೋಷ ಎರಡೆರಡು ಬಾರಿ ಎಣಿಸುವುದು. ವಿದ್ಯುತ್ ಬಳಕೆ, ಇಂಗಾಲದ ಹೊರಸೂಸುವಿಕೆ, ವಿದ್ಯುತ್ ಬಿಲ್ ಮೂರನ್ನೂ ಪ್ರತ್ಯೇಕ ಸಾಲಾಗಿ ಇಟ್ಟರೆ, ಹೊರಸೂಸುವಿಕೆಯೆಲ್ಲ ವಿದ್ಯುತ್ತಿನಿಂದಲೇ ಬರುವ ಕಡೆ, ಒಂದೇ ಸಂಗತಿಗೆ ಮೂರು ಪಾಲು ಸಿಕ್ಕಂತೆ. ವೆಚ್ಚದೊಳಗೆ ಇಂಗಾಲದ ಆಂತರಿಕ ಬೆಲೆ (ಹೊರಸೂಸುವಿಕೆಗೆ ಸಂಸ್ಥೆ ತಾನೇ ಕಟ್ಟಿಕೊಂಡ ಬೆಲೆ) ಸೇರಿಸಿದ್ದರೆ ಇಂಗಾಲವನ್ನು ಬೇರೆ ಮಾನದಂಡವಾಗಿ ಇಡಬೇಡಿ. ಬಿಲ್ ವೆಚ್ಚದಲ್ಲಿದ್ದು, ಕಿಲೋವ್ಯಾಟ್ ಗಂಟೆ ಪರಿಸರದ ಪ್ರತಿನಿಧಿಯಾಗಿ ನಿಂತಿದ್ದರೆ ತಪ್ಪಿಲ್ಲ. ಆದರೆ ತೂಕ ಕೊಡುವಾಗ "ಬಿಲ್ ಆಗಲೇ ಸೇರಿದೆ, ಇದು ಪರಿಸರದ ಭಾರ ಮಾತ್ರ" ಎಂದು ಎಲ್ಲರಿಗೂ ಗಟ್ಟಿಯಾಗಿ ಹೇಳಿ.

ನಮ್ಮ ನಾಲ್ಕು: ಜೀವಿತಾವಧಿ ವೆಚ್ಚ, ವಿದ್ಯುತ್, ಕಾರ್ಮಿಕರು ಉಸಿರಾಡುವ ಎಣ್ಣೆ ಮಂಜು, ವಿಲೇವಾರಿ ಮಾಡಬೇಕಾದ ತ್ಯಾಜ್ಯ. ಯಾವುದು ಯಾವುದರ ಮೇಲೆ ಪ್ರಭಾವ ಬೀರುತ್ತದೆ ಎಂದು ನಕ್ಷೆ ಬಿಡಿಸಲು ಡಿಮ್ಯಾಟೆಲ್ ಎಂಬ ವಿಧಾನ ಇದೆ. ಅದು ಕಾರಣ–ಪರಿಣಾಮ ತಿಳಿಯಲು ಒಳ್ಳೆಯದು, ಆದರೆ ಪ್ರಭಾವ ಹೆಚ್ಚಿದ್ದ ಮಾತ್ರಕ್ಕೆ ಪ್ರಾಮುಖ್ಯ ಹೆಚ್ಚೆಂದು ಅದರ ಅಂಕಿಗಳನ್ನೇ ತೂಕವಾಗಿ ಬಳಸುವುದು ಸರಿಯಲ್ಲ.

ಅಳತೆ

ಅರ್ಧಕ್ಕಿಂತ ಹೆಚ್ಚು ಸಮಯ ಇಲ್ಲಿಗೇ ಹೋಗಬೇಕು.

ವಿದ್ಯುತ್ತನ್ನು ಯಂತ್ರದ ನಾಮಫಲಕದಿಂದ ಎತ್ತಿಕೊಳ್ಳಬೇಡಿ. ಮೋಟಾರಿನ ಗರಿಷ್ಠ ಸಾಮರ್ಥ್ಯಕ್ಕೂ ನಿಜವಾಗಿ ಎಳೆಯುವುದಕ್ಕೂ ಸಂಬಂಧ ಕಡಿಮೆ. ಪವರ್ ಮೀಟರ್ ಹಾಕಿ ಕನಿಷ್ಠ ಒಂದು ಪೂರ್ತಿ ಪಾಳಿ ದಾಖಲಿಸಿ: ಯಂತ್ರ ಸುಮ್ಮನೆ ಆನ್ ಇರುವಾಗ, ಸ್ಪಿಂಡಲ್ ಖಾಲಿ ತಿರುಗುವಾಗ, ಕಡೆಯುವಾಗ ಬೇರೆ ಬೇರೆ ಬರೆಯಿರಿ. ಕೂಲಂಟ್ ಪಂಪು ಸುಮ್ಮನಿರುವ ಹೊತ್ತಿನಲ್ಲೂ ಓಡುತ್ತಿರುತ್ತದೆಯೇ ಎಂಬುದು ಇಲ್ಲೇ ಗೊತ್ತಾಗುತ್ತದೆ. ಎಂಕ್ಯೂಎಲ್ ಲೆಕ್ಕದಲ್ಲಿ ತಪ್ಪಿಹೋಗುವುದು ಸಂಕುಚಿತ ಗಾಳಿ. 7 ಬಾರ್ ಒತ್ತಡದಲ್ಲಿ ಒಂದು ಘನ ಮೀಟರ್ ಮುಕ್ತ ಗಾಳಿಗೆ ಸುಮಾರು 0.1ರಿಂದ 0.13 ಕಿಲೋವ್ಯಾಟ್ ಗಂಟೆ ಬೇಕು. ಗಾಳಿಯ ಜಾಲದಲ್ಲಿ ಸೋರಿಕೆ ಇದ್ದರೆ ಅದು ಇನ್ನಷ್ಟು. ಸೋರಿಕೆ ತಿಳಿಯಲು ಉತ್ಪಾದನೆ ನಿಂತಾಗ ಲೋಡ್–ಅನ್‌ಲೋಡ್ ಕಂಪ್ರೆಸರನ್ನು ಓಡಿಸಿ, ಅದು ಲೋಡ್‌ನಲ್ಲಿದ್ದ ಸಮಯವನ್ನು ಲೋಡ್ ಮತ್ತು ಅನ್‌ಲೋಡ್ ಸೇರಿದ ಒಟ್ಟು ಸಮಯದಿಂದ ಭಾಗಿಸಿ. ನಿಮಿಷದಲ್ಲಿ 15 ಸೆಕೆಂಡ್ ಲೋಡ್ ಇದ್ದರೆ ಕಂಪ್ರೆಸರ್ ಸಾಮರ್ಥ್ಯದ 25 ಶೇಕಡಾ ಸೋರುತ್ತಿದೆ ಎಂದರ್ಥ.

ತ್ಯಾಜ್ಯವನ್ನು ಖರೀದಿ ರಸೀದಿಯಿಂದ ಊಹಿಸದೆ ತಕ್ಕಡಿಯಲ್ಲಿ ತೂಗಿ. ಒದ್ದೆ ಲೋಹದ ಚೂರುಗಳಿಗೆ ಅಂಟಿ ಹೋಗುವ ಕೂಲಂಟ್, ಟ್ಯಾಂಕಿನ ತಳದ ಕೆಸರು, ಬಿಡಿಭಾಗ ತೊಳೆದ ನೀರು ಮೂರೂ ಬರಬೇಕು. ಒಂದು ವಾರ ತೂಗಿದರೆ ಸಂಪ್ ಖಾಲಿಮಾಡಿದ ದಿನ ತಪ್ಪಿಹೋಗಬಹುದು. ಒಂದು ಪೂರ್ತಿ ಬದಲಾವಣೆ ಚಕ್ರ ದಾಖಲಾಗಲಿ. ಎಣ್ಣೆ ಮಂಜನ್ನು ಕಾರ್ಮಿಕರ ಉಸಿರಿನ ವಲಯದಲ್ಲಿ, ಕಾಲರಿಗೆ ಸಿಕ್ಕಿಸುವ ಮಾದರಿ ಸಂಗ್ರಾಹಕದಿಂದ ಪಾಳಿಯುದ್ದಕ್ಕೂ ಅಳೆಯಬೇಕು. ಗೋಡೆಗೆ ನೇತುಹಾಕಿದ ಮಾಪಕ ಯಂತ್ರದ ಬಾಗಿಲು ತೆರೆದ ಕ್ಷಣದ ಮೋಡವನ್ನು ಹಿಡಿಯುವುದಿಲ್ಲ. ವೆಚ್ಚದಲ್ಲಿ ಖರೀದಿಯ ಜೊತೆ ಟೂಲ್ ಬಾಳಿಕೆ, ತೊಳೆಯುವಿಕೆ, ವಿಲೇವಾರಿ, ತರಬೇತಿ, ಯಂತ್ರ ನಿಂತ ಸಮಯ ಎಲ್ಲ ಸೇರಲಿ. ಟೂಲ್ ಬಾಳಿಕೆಯೊಂದೇ ಎಷ್ಟೋ ಸಲ ಫಲಿತಾಂಶವನ್ನು ತಿರುಗಿಸುತ್ತದೆ.

ಪ್ರತಿ ಅಂಕಿಗೂ ಮೂರು ಬೆಲೆ ಬರೆಯಿರಿ: ಕನಿಷ್ಠ, ಸಂಭವನೀಯ, ಗರಿಷ್ಠ. ಮುಂದೆ ಪರೀಕ್ಷೆಗೆ ಬೇಕಾಗುತ್ತದೆ. ಮಾರಾಟಗಾರರ ಕರಪತ್ರದಿಂದ ಬಂದ ಅಂಕಿಗೆ ಅಗಲವಾದ ವ್ಯಾಪ್ತಿ ಕೊಡಿ, ನೀವೇ ಅಳೆದದ್ದಕ್ಕೆ ಕಿರಿದು.

ಲೆಕ್ಕ ತೋರಿಸುವುದಕ್ಕೆಂದು ಇಟ್ಟುಕೊಂಡ ಅಂಕಿಗಳು ಇವು (ನಿಮ್ಮ ಅಳತೆ ಬೇರೆಯೇ ಬರುತ್ತದೆ):

| ಪಾಸಾದ 100 ಬಿಡಿಭಾಗಕ್ಕೆ | ಹರಿವು | ಎಂಕ್ಯೂಎಲ್ | ಸಾರಜನಕ |
|---|---|---|---|
| ವೆಚ್ಚ (ಈಗಿನದು = 100) | 100 | 88 | 130 |
| ವಿದ್ಯುತ್, ಕಿಲೋವ್ಯಾಟ್ ಗಂಟೆ | 42 | 30 | 55 |
| ಮಂಜು, ಘನ ಮೀಟರಿಗೆ ಮಿಲಿಗ್ರಾಂ (ಪಾಳಿಯ ಸರಾಸರಿ) | 0.30 | 0.40 | 0.05 |
| ತ್ಯಾಜ್ಯ, ಕಿಲೋಗ್ರಾಂ | 18 | 3 | 1 |

ನಾಲ್ಕೂ ಕಡಿಮೆ ಇದ್ದಷ್ಟು ಒಳ್ಳೆಯವು. ಎಣ್ಣೆಯೇ ಕಡಿಮೆ ಇರುವ ಎಂಕ್ಯೂಎಲ್‌ನಲ್ಲಿ ಮಂಜು ಹೆಚ್ಚೇಕೆ ಎಂದರೆ, ಅಲ್ಲಿ ಎಣ್ಣೆಯನ್ನು ಬೇಕೆಂದೇ ಸೂಕ್ಷ್ಮ ಹನಿಗಳಾಗಿ ಸಿಡಿಸಲಾಗುತ್ತದೆ. ಯಂತ್ರದ ಆವರಣ ಸಡಿಲವಾಗಿದ್ದರೆ ಅದು ನೇರ ಹೊರಗೆ ಬರುತ್ತದೆ.

ಅಂಕದ ಎರಡು ತುದಿ

ಘಟಕಗಳು ಬೇರೆ ಬೇರೆ ಇರುವುದರಿಂದ ಎಲ್ಲವನ್ನೂ ಒಂದೇ ಅಳತೆಗೆ, ಅಂದರೆ 0ಯಿಂದ 100ಕ್ಕೆ ತರಬೇಕು. ಬಹುತೇಕ ತಂತ್ರಾಂಶಗಳು ಇದನ್ನು ಪಟ್ಟಿಯಲ್ಲಿರುವ ಆಯ್ಕೆಗಳನ್ನೇ ನೋಡಿ ತಾವಾಗಿ ಮಾಡಿಬಿಡುತ್ತವೆ. ಅದನ್ನು ಅವುಗಳ ಕೈಗೆ ಕೊಡಬೇಡಿ ಎಂಬುದು ಈ ಬರಹದ ಮುಖ್ಯ ಮಾತು. 0 ಎಂದರೆ ಏನು, 100 ಎಂದರೆ ಏನು ಎಂದು ನೀವೇ ಹೊರಗಿನ ಕಾರಣ ಹಿಡಿದು ನಿಗದಿಮಾಡಿ, ತೂಕ ಕೊಡುವ ಮೊದಲೇ.

ಮಂಜಿಗೆ 0 ಅಂಕದ ತುದಿ ಘನ ಮೀಟರಿಗೆ 0.5 ಮಿಲಿಗ್ರಾಂ ಇರಲಿ. ಲೋಹ ಕಡೆಯುವ ದ್ರವಗಳಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ–ಆರೋಗ್ಯ ಸಂಸ್ಥೆ ನಿಯೋಶ್ ಒಟ್ಟು ಕಣಗಳ ಲೆಕ್ಕದಲ್ಲಿ ಶಿಫಾರಸು ಮಾಡಿದ ಮಿತಿ ಅದು. 100 ಅಂಕದ ತುದಿ ಸೊನ್ನೆ ಮಂಜು. ವೆಚ್ಚಕ್ಕೆ ಆಡಳಿತ ಒಪ್ಪುವ ಗರಿಷ್ಠ 150, ಸಾಧ್ಯವೆಂದು ನಂಬುವ ಕನಿಷ್ಠ 80. ವಿದ್ಯುತ್ತಿಗೆ 60 ಮತ್ತು 25. ತ್ಯಾಜ್ಯಕ್ಕೆ 20 ಮತ್ತು 0. ಸೂತ್ರ: ಕೆಟ್ಟ ತುದಿಯಿಂದ ಅಳತೆಯನ್ನು ಕಳೆದು, ಎರಡು ತುದಿಗಳ ಅಂತರದಿಂದ ಭಾಗಿಸಿ, 100ರಿಂದ ಗುಣಿಸಿ. ಎಂಕ್ಯೂಎಲ್ ವೆಚ್ಚ: (150 − 88) ÷ 70 × 100 = 88.6. "ಹೆಚ್ಚಿದ್ದಷ್ಟು ಒಳ್ಳೆಯದು" ಎಂಬ ಮಾನದಂಡ ಸೇರಿಸಿದಾಗ ದಿಕ್ಕು ಬದಲಿಸಲು ಮರೆಯುವುದು ಸಾಮಾನ್ಯ. ಪ್ರತಿ ಸಾಲಿನಲ್ಲಿ ಅತ್ಯುತ್ತಮ ಆಯ್ಕೆಗೇ ಹೆಚ್ಚು ಅಂಕ ಬಂದಿದೆಯೇ ಎಂದು ಕಣ್ಣಾರೆ ನೋಡಿ.

ತೂಕ

ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ ವಿಧಾನದಲ್ಲಿ ಮಾನದಂಡಗಳನ್ನು ಎರಡೆರಡಾಗಿ ಹೋಲಿಸಿ 1ರಿಂದ 9ರವರೆಗಿನ ಅಂಕ ಕೊಡುತ್ತಾರೆ. 1 ಎಂದರೆ ಸಮ, 3 ಎಂದರೆ ತುಸು ಮುಖ್ಯ, 5 ಬಲವಾಗಿ, 7 ಅತಿ ಬಲವಾಗಿ, 9 ಅತ್ಯಂತ. ತಿರುಗುಮುರುಗಾದರೆ ಅದರ ವಿಲೋಮ. ಪ್ರಶ್ನೆ ಕೇಳುವ ಬಗೆಯಲ್ಲೇ ಅರ್ಧ ಗೆಲುವು. "ವೆಚ್ಚ ಮುಖ್ಯವೋ ಆರೋಗ್ಯ ಮುಖ್ಯವೋ?" ಎಂದರೆ ಎಲ್ಲರೂ ಆರೋಗ್ಯ ಎನ್ನುತ್ತಾರೆ, ಆ ಉತ್ತರದಲ್ಲಿ ಮಾಹಿತಿ ಇಲ್ಲ. ತುದಿಗಳನ್ನು ಮುಂದಿಟ್ಟು ಕೇಳಿ: "ವೆಚ್ಚ 150ರಿಂದ 80ಕ್ಕೆ ಇಳಿಯುವುದು, ಮಂಜು 0.5ರಿಂದ ಸೊನ್ನೆಗೆ ಇಳಿಯುವುದು, ಇವೆರಡರಲ್ಲಿ ಒಂದೇ ಸಿಗುವುದಾದರೆ ಯಾವುದು, ಎಷ್ಟು ಪಟ್ಟು?" ತುದಿ ಬದಲಾದರೆ ತೂಕವೂ ಬದಲಾಗಬೇಕು.

ಉತ್ತರಗಳು ಹೀಗಿವೆ ಎನ್ನೋಣ: ವೆಚ್ಚ ವಿದ್ಯುತ್ತಿಗಿಂತ 2, ಮಂಜಿಗೆ ಸಮ, ತ್ಯಾಜ್ಯಕ್ಕಿಂತ 3. ಮಂಜು ವಿದ್ಯುತ್ತಿಗಿಂತ 2, ತ್ಯಾಜ್ಯಕ್ಕಿಂತ 4. ವಿದ್ಯುತ್ ತ್ಯಾಜ್ಯಕ್ಕಿಂತ 2. ಪ್ರತಿ ಸಾಲಿನ ನಾಲ್ಕು ಅಂಕಿಗಳ ಗುಣೋತ್ತರ ಸರಾಸರಿ ತೆಗೆಯಿರಿ (ಸ್ಪ್ರೆಡ್‌ಶೀಟಿನಲ್ಲಿ ಜಿಯೋಮೀನ್): ವೆಚ್ಚ 1.565, ವಿದ್ಯುತ್ 0.841, ಮಂಜು 1.682, ತ್ಯಾಜ್ಯ 0.452. ಒಟ್ಟು 4.540ರಿಂದ ಭಾಗಿಸಿದರೆ ತೂಕ ಸಿದ್ಧ: 0.345, 0.185, 0.370, 0.100.

ಈಗ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಬೇಕು. ಹೋಲಿಕೆಯ ಕೋಷ್ಟಕವನ್ನು ತೂಕದ ಸಾಲಿನಿಂದ ಗುಣಿಸಿ, ಬಂದ ಪ್ರತಿ ಅಂಕಿಯನ್ನು ಆಯಾ ತೂಕದಿಂದ ಭಾಗಿಸಿ ಸರಾಸರಿ ತೆಗೆದರೆ 4.010. ಅದರಿಂದ ಮಾನದಂಡಗಳ ಸಂಖ್ಯೆ 4ನ್ನು ಕಳೆದು, ಅದಕ್ಕಿಂತ ಒಂದು ಕಡಿಮೆಯಾದ 3ರಿಂದ ಭಾಗಿಸಿ, ಮತ್ತೆ 0.90ರಿಂದ ಭಾಗಿಸಿ: ಅಸಂಗತತೆಯ ಅನುಪಾತ ಸುಮಾರು 0.004. 0.10ಕ್ಕಿಂತ ಕಡಿಮೆ ಇದ್ದರೆ ಒಪ್ಪಬಹುದು. ಕೊನೆಯ ಭಾಜಕ ಮಾನದಂಡಗಳ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ: ಮೂರಕ್ಕೆ 0.58, ನಾಲ್ಕಕ್ಕೆ 0.90, ಐದಕ್ಕೆ 1.12, ಆರಕ್ಕೆ 1.24, ಏಳಕ್ಕೆ 1.32. ಮಂಜು–ತ್ಯಾಜ್ಯದ ಮನೆಯಲ್ಲಿ 4ರ ಬದಲು ಕಾಲು ಎಂದು ಬೆರಳು ತಪ್ಪಿದರೆ ಇದೇ ಅನುಪಾತ 0.35ಕ್ಕೆ ನೆಗೆಯುತ್ತದೆ. ಅನುಪಾತ ಹೆಚ್ಚಾದಾಗ ಮೊದಲು ಇಂಥ ತಿರುಗಿಬಿದ್ದ ಅಂಕಿ ಹುಡುಕಿ. ಸಿಗದಿದ್ದರೆ ಉತ್ತರಿಸಿದವರನ್ನೇ ಮತ್ತೆ ಕೇಳಿ. ಅನುಪಾತ ಇಳಿಯಲೆಂದು ಅಂಕಿಗಳನ್ನು ನೀವೇ ತಿದ್ದುವುದು ಅವರ ಮಾತನ್ನು ಅಳಿಸಿದಂತೆ.

ಹಲವರ ಉತ್ತರ ಕೂಡಿಸುವಾಗ ಸಾಮಾನ್ಯ ಸರಾಸರಿ ಬಳಸಬೇಡಿ. ಒಬ್ಬರು 4, ಇನ್ನೊಬ್ಬರು ಕಾಲು ಎಂದರೆ ಇಬ್ಬರೂ ಸಮಬಲದ ಎದುರಾಳಿಗಳು, ಉತ್ತರ 1 ಬರಬೇಕು. ಸಾಮಾನ್ಯ ಸರಾಸರಿ 2.125 ಕೊಟ್ಟು ಮೊದಲನೆಯವರ ಪರ ವಾಲುತ್ತದೆ. ಗುಣೋತ್ತರ ಸರಾಸರಿ 1 ಕೊಡುತ್ತದೆ. ಆದರೆ ಅಷ್ಟು ದೂರದ ಉತ್ತರ ಬಂದಾಗ ಸರಾಸರಿಗಿಂತ ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸಬೇಕು. ಯಂತ್ರದ ಮುಂದೆ ನಿಲ್ಲುವವರೂ ಆ ಗುಂಪಿನಲ್ಲಿರಲಿ, ಮಂಜು ಹೋಗುವುದು ಅವರ ಎದೆಯೊಳಗೆ.

ಮಾನದಂಡ ಎಂಟಾದರೆ ಎಎಚ್‌ಪಿಗೆ 28 ಹೋಲಿಕೆ ಬೇಕು, ಉತ್ತರಿಸುವವರು ದಣಿಯುತ್ತಾರೆ. ಜಾಫರ್ ರೆಜಾಯಿ 2015ರಲ್ಲಿ ಪ್ರಕಟಿಸಿದ ಬೆಸ್ಟ್-ವರ್ಸ್ಟ್ ವಿಧಾನದಲ್ಲಿ ಅತಿ ಮುಖ್ಯವಾದದ್ದನ್ನು ಉಳಿದೆಲ್ಲಕ್ಕೂ, ಉಳಿದೆಲ್ಲವನ್ನೂ ಅತಿ ಕಡಿಮೆ ಮುಖ್ಯವಾದದ್ದಕ್ಕೂ ಹೋಲಿಸಿದರೆ ಸಾಕು, 13 ಹೋಲಿಕೆ. ಅಂಕಿಗಳ ಚದುರುವಿಕೆಯಿಂದಲೇ ತೂಕ ತೆಗೆಯುವ ಎಂಟ್ರೊಪಿ ವಿಧಾನ "ವಸ್ತುನಿಷ್ಠ" ಎಂದು ಜನಪ್ರಿಯ. ಕಾರ್ಖಾನೆಯ ನಿರ್ಧಾರಕ್ಕೆ ಅದನ್ನು ಶಿಫಾರಸು ಮಾಡಲಾರೆವು. ಆಯ್ಕೆಗಳ ನಡುವೆ ಅಂಕಿಗಳು ಚದುರಿವೆ ಎಂದಾಕ್ಷಣ ಆ ವಿಷಯ ಮುಖ್ಯವಾಗುವುದಿಲ್ಲ.

ಕೂಡಿಸಿದಾಗ

ಅಂಕವನ್ನು ತೂಕದಿಂದ ಗುಣಿಸಿ ಕೂಡಿದರೆ ಹರಿವು 50.0, ಎಂಕ್ಯೂಎಲ್ 62.3, ಸಾರಜನಕ 55.3. ಗೆದ್ದದ್ದು ಎಂಕ್ಯೂಎಲ್.

ಇದೇ ಅಂಕಿ, ಇದೇ ತೂಕವನ್ನು ಹ್ವಾಂಗ್ ಮತ್ತು ಯೂನ್ 1981ರಲ್ಲಿ ಮುಂದಿಟ್ಟ ಟಾಪ್ಸಿಸ್‌ಗೆ ಹಾಕಿ. ಅಲ್ಲಿ ಪ್ರತಿ ಅಳತೆಯನ್ನು ಆ ಸಾಲಿನ ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸಿ, ತೂಕದಿಂದ ಗುಣಿಸಿ, ಪಟ್ಟಿಯಲ್ಲಿ ಸಿಕ್ಕ ಅತ್ಯುತ್ತಮ ಬೆಲೆಗಳ ಬಿಂದುವಿನಿಂದಲೂ ಅತಿ ಕೆಟ್ಟ ಬೆಲೆಗಳ ಬಿಂದುವಿನಿಂದಲೂ ದೂರ ಅಳೆಯುತ್ತಾರೆ. ಕೆಟ್ಟದ್ದರಿಂದ ಇರುವ ದೂರವನ್ನು ಎರಡೂ ದೂರಗಳ ಮೊತ್ತದಿಂದ ಭಾಗಿಸಿದ್ದೇ ಅಂಕ. ಬಂದದ್ದು: ಹರಿವು 0.318, ಎಂಕ್ಯೂಎಲ್ 0.333, ಸಾರಜನಕ 0.734. ಈಗ ಸಾರಜನಕ ಭಾರಿ ಅಂತರದಿಂದ ಗೆದ್ದಿತು!

ಕಾರಣ ಮಂಜಿನ ಸಾಲಿನಲ್ಲಿದೆ. 0.05ಕ್ಕೂ 0.40ಕ್ಕೂ ಎಂಟು ಪಟ್ಟು ಅಂತರ. ವೆಚ್ಚದಲ್ಲಿ 88ಕ್ಕೂ 130ಕ್ಕೂ ಒಂದೂವರೆ ಪಟ್ಟು ಮಾತ್ರ. ಟಾಪ್ಸಿಸ್‌ನ ಭಾಗಾಕಾರದಲ್ಲಿ ಪಟ್ಟು ದೊಡ್ಡದಿರುವ ಸಾಲು ಹೆಚ್ಚು ಹರಡಿಕೊಂಡು, ದೂರವನ್ನು ವರ್ಗಮಾಡಿದಾಗ ಉಳಿದವನ್ನು ನುಂಗುತ್ತದೆ. ಬರೆದ ತೂಕ 0.370 ಇದ್ದರೂ ಕೆಲಸ ಮಾಡಿದ ತೂಕ ಅದಕ್ಕಿಂತ ಬಹಳ ಹೆಚ್ಚು. ತುದಿಗಳನ್ನು ಹೇಳಿಯೇ ತೂಕ ಕೇಳಿದ್ದೆವು. ಆ ತುದಿಗಳನ್ನು ಟಾಪ್ಸಿಸ್ ನೋಡಲೇ ಇಲ್ಲ. ಆದ್ದರಿಂದ ಇಲ್ಲಿ ಮೊದಲ ಲೆಕ್ಕವೇ ಉತ್ತರಿಸಿದವರ ಮನಸ್ಸಿಗೆ ಹತ್ತಿರ. ಟಾಪ್ಸಿಸ್ ಬಳಸಲೇಬೇಕಾದರೆ 0–100 ಅಂಕಗಳನ್ನೇ ಅದಕ್ಕೆ ಉಣಿಸಿ, ಆದರ್ಶ ಬಿಂದುಗಳನ್ನು ಪಟ್ಟಿಯಿಂದ ತೆಗೆಯದೆ 100 ಮತ್ತು 0 ಎಂದು ಕಟ್ಟಿಹಾಕಿ, ನಡುವಿನ ಭಾಗಾಕಾರವನ್ನು ಬಿಟ್ಟುಬಿಡಿ.

ಮೊತ್ತದ ಲೆಕ್ಕಕ್ಕೂ ಮಿತಿ ಇದೆ: ಒಂದರಲ್ಲಿನ ಕೊರತೆಯನ್ನು ಇನ್ನೊಂದರ ಹೆಚ್ಚಳ ಪೂರ್ತಿ ತುಂಬಿಬಿಡುತ್ತದೆ. ತ್ಯಾಜ್ಯದಲ್ಲಿ ಸೊನ್ನೆ ಅಂಕಕ್ಕೆ ಹತ್ತಿರ ಬಿದ್ದ ಆಯ್ಕೆಯೂ ವೆಚ್ಚದಲ್ಲಿ ಮಿಂಚಿ ಗೆಲ್ಲಬಹುದು. ಅದು ಒಪ್ಪಿಗೆಯಿಲ್ಲದಿದ್ದರೆ ಜರಡಿಯನ್ನು ಬಿಗಿಮಾಡಿ. ಇಲ್ಲವೇ ಆಯ್ಕೆಗಳನ್ನು ಜೋಡಿಜೋಡಿಯಾಗಿ ಸೆಣಸಿಗೆ ಬಿಡುವ ಪ್ರಾಮಿಥೀ ಅಥವಾ "ಇಷ್ಟು ಕೆಟ್ಟದಾದರೆ ತಡೆ" ಎಂಬ ವೀಟೊ ಇರುವ ಎಲೆಕ್ಟ್ರ್ ಕಡೆಗೆ ಹೋಗಿ. ಅಳತೆಯ ದೋಷ ಹೆಚ್ಚಿರುವ ಕಡೆ ಪ್ರಾಮಿಥೀ ಒಂದು ಅನುಕೂಲ ಕೊಡುತ್ತದೆ: "3 ಕಿಲೋವ್ಯಾಟ್ ಗಂಟೆಗಿಂತ ಕಡಿಮೆ ವ್ಯತ್ಯಾಸವನ್ನು ವ್ಯತ್ಯಾಸವೆಂದು ಎಣಿಸಬೇಡ" ಎಂದು ಹೇಳಬಹುದು.

ಅಲುಗಿಸಿ ನೋಡುವುದು

62.3 ಮತ್ತು 55.3 ನೋಡಿ ವರದಿ ಬರೆಯಬೇಡಿ. ಮಂಜಿನ ತೂಕವನ್ನು ಏರಿಸುತ್ತ, ಉಳಿದ ಮೂರರ ನಡುವಿನ ಪ್ರಮಾಣ ಕಾಯ್ದುಕೊಂಡು ಮತ್ತೆ ಕೂಡಿ. ತೂಕ ಸುಮಾರು 0.43 ದಾಟಿದರೆ ಸಾರಜನಕ ಮುಂದೆ ಬರುತ್ತದೆ. ನಾವು ಕೊಟ್ಟದ್ದು 0.370. ಒಬ್ಬರು ಮನಸ್ಸು ಬದಲಿಸಿದರೂ ಅಷ್ಟು ಜರುಗಬಹುದು, ಹಾಗಾಗಿ ಈ ಗೆಲುವು ಗಟ್ಟಿಯಲ್ಲ. (ಟಾಪ್ಸಿಸ್‌ನಲ್ಲಿ ಇದೇ ತಿರುವು 0.18ರ ಆಸುಪಾಸಿನಲ್ಲಿ ಬರುತ್ತದೆ.)

ಅಳತೆಗಳ ಅನಿಶ್ಚಿತತೆಗೆ ಸಾವಿರ ಸಾಲಿನ ಹಾಳೆ ಮಾಡಿ. ಪ್ರತಿ ಸಾಲಿನಲ್ಲೂ ಪ್ರತಿ ಅಂಕಿ ತನ್ನ ಕನಿಷ್ಠ–ಗರಿಷ್ಠದ ನಡುವೆ ಯಾದೃಚ್ಛಿಕವಾಗಿ ಬರಲಿ, ಯಾವ ಆಯ್ಕೆ ಎಷ್ಟು ಸಲ ಮೊದಲು ಬಂತೆಂದು ಎಣಿಸಿ. ತೂಕಗಳನ್ನೂ ಹೀಗೇ ಅಲುಗಿಸುವುದಾದರೆ ಒಂದು ಎಚ್ಚರ: ನಾಲ್ಕು ಯಾದೃಚ್ಛಿಕ ಸಂಖ್ಯೆ ತೆಗೆದು ಮೊತ್ತದಿಂದ ಭಾಗಿಸಿದರೆ ತೂಕಗಳು ನಡುವಿಗೆ ಗುಂಪುಗಟ್ಟುತ್ತವೆ, ಅತಿರೇಕದ ಜೋಡಣೆಗಳು ಪರೀಕ್ಷೆಗೆ ಬರುವುದೇ ಇಲ್ಲ. ಪ್ರತಿ ಸಂಖ್ಯೆಯ ಸಹಜ ಲಾಗರಿದಮ್ ತೆಗೆದು, ಋಣ ಚಿಹ್ನೆ ತಿರುಗಿಸಿ, ಆಮೇಲೆ ಮೊತ್ತದಿಂದ ಭಾಗಿಸಿ. ಆಗ ಸಮನಾಗಿ ಹರಡುತ್ತವೆ. ಹೀಗೆ ಸರಳವಾಗಿ ಅಲುಗಿಸಿ ನೋಡುವುದು, ಅಳತೆಯೇ ಇಲ್ಲದ ಕಡೆ ಫಜ್ಜಿ ಸಂಖ್ಯೆಗಳನ್ನು (ಒಂದೇ ಬೆಲೆಯ ಬದಲು ಮಸುಕಾದ ವ್ಯಾಪ್ತಿ ಹೇಳುವ ಸಂಖ್ಯೆಗಳು) ಹೊದಿಸುವುದಕ್ಕಿಂತ ಹೆಚ್ಚು ತಿಳಿಸುತ್ತದೆ.

ಆಯ್ಕೆಯನ್ನೇ ಸುಧಾರಿಸುವುದು

ಎಂಕ್ಯೂಎಲ್ ಎಲ್ಲಿ ಅಂಕ ಕಳೆದುಕೊಂಡಿತು? ಮಂಜಿನಲ್ಲಿ 20 ಮಾತ್ರ. ಹಾಗಾದರೆ ಬಿಗಿ ಆವರಣ ಮತ್ತು ಮಂಜು ಹೀರುವ ಫಿಲ್ಟರ್ ಸೇರಿಸಿದ ಎಂಕ್ಯೂಎಲ್ ಅನ್ನು ಹೊಸ ಆಯ್ಕೆಯಾಗಿ ಬರೆಯಿರಿ: ವೆಚ್ಚ 92, ವಿದ್ಯುತ್ 32, ಮಂಜು 0.15, ತ್ಯಾಜ್ಯ 3. ಮೊತ್ತ 77.8ಕ್ಕೆ ಏರುತ್ತದೆ. ಸಾರಜನಕ ಇದನ್ನು ಹಿಂದಿಕ್ಕಬೇಕಾದರೆ ಮಂಜಿನ ತೂಕ ಸುಮಾರು 0.70 ಆಗಬೇಕು. ಇನ್ನೂ ಒಂದು ಲಾಭ: ಈ ಹೊಸ ಆಯ್ಕೆ ಈಗಿನ ಹರಿವಿಗಿಂತ ನಾಲ್ಕೂ ಸಾಲಿನಲ್ಲಿ ಉತ್ತಮ. ಹರಿವನ್ನು ಕೈಬಿಡಲು ಇನ್ನು ಯಾರ ತೂಕವೂ ಬೇಕಿಲ್ಲ, ಚರ್ಚೆ ಅಷ್ಟರಮಟ್ಟಿಗೆ ಮುಗಿಯಿತು.

ಮೊದಲಿನ ಎಂಕ್ಯೂಎಲ್ ಬದಲು ಇದನ್ನು ಮೂಲ ಟಾಪ್ಸಿಸ್‌ಗೆ ಹಾಕಿದರೆ ಸಾರಜನಕ 0.763, ಸುಧಾರಿತ ಎಂಕ್ಯೂಎಲ್ 0.650, ಹರಿವು 0.180. ಹರಿವಿನ ಒಂದು ಅಂಕಿಯೂ ಬದಲಾಗಿಲ್ಲ, ಆದರೂ ಅದರ ಅಂಕ 0.318ರಿಂದ 0.180ಕ್ಕೆ ಕುಸಿಯಿತು. ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅಂಕ ನಿಂತರೆ ಹೀಗಾಗುತ್ತದೆ. ಕೆಲವೊಮ್ಮೆ ಗೆಲ್ಲುವ ಸಾಧ್ಯತೆಯೇ ಇಲ್ಲದ ಆಯ್ಕೆಯೊಂದನ್ನು ಸೇರಿಸಿ ಮೇಲಿನವರ ಸ್ಥಾನವನ್ನು ಅದಲುಬದಲು ಮಾಡಲೂ ಸಾಧ್ಯ. ಬೇರೆಯವರ ವರದಿ ಓದುವಾಗ ಪಟ್ಟಿಯಲ್ಲಿ ಅಂಥ ಆಯ್ಕೆ ಏಕಿದೆ ಎಂದು ಕೇಳಿ.

ಕಡತ ಮತ್ತು ಮರುಪರಿಶೀಲನೆ

ಹಾಳೆಯ ಜೊತೆ ಒಂದು ಪುಟ ಬರೆದಿಡಿ: ಘಟಕ, ಗಡಿ, ಜರಡಿಯಲ್ಲಿ ಉದುರಿದವು ಮತ್ತು ಕಾರಣ, ಪ್ರತಿ ಅಂಕಿಯ ಮೂಲ ಮತ್ತು ಅಳೆದ ದಿನಾಂಕ, ತುದಿಗಳು, ತೂಕ ಕೊಟ್ಟವರ ಹುದ್ದೆ, ತಿರುವು ಬರುವ ತೂಕ. ಕೊನೆಗೆ, ಏನಾದರೆ ಲೆಕ್ಕವನ್ನು ಮತ್ತೆ ತೆರೆಯಬೇಕು ಎಂದು ಅಂಕಿಯಲ್ಲೇ ಬರೆಯಿರಿ. ನಮ್ಮ ಉದಾಹರಣೆಯಲ್ಲಿ: ಉಸಿರಿನ ವಲಯದ ಮಂಜು 0.25 ಮೀರಿದರೆ, ಟೂಲ್ ಬಾಳಿಕೆ ಅಂದಾಜಿಗಿಂತ 15 ಶೇಕಡಾ ಕುಸಿದರೆ, ತಿರಸ್ಕಾರ 6 ಶೇಕಡಾ ದಾಟಿದರೆ, ಅಥವಾ ಬಿಡಿಭಾಗದ ಲೋಹವೇ ಬದಲಾದರೆ. ಅಲ್ಯೂಮಿನಿಯಂನಲ್ಲಿ ಗೆದ್ದ ಎಂಕ್ಯೂಎಲ್, ಶಾಖವನ್ನು ಬೇಗ ಸಾಗಿಸದ ಟೈಟಾನಿಯಂ ಮಿಶ್ರಲೋಹಕ್ಕೆ ಬಂದಾಗ ಟೂಲಿನ ತುದಿಯನ್ನು ತಂಪಾಗಿಡಲಾರದೆ ಸೋಲಬಹುದು. ಅಲ್ಲಿ ಸಾರಜನಕದ 130ರ ವೆಚ್ಚ ಟೂಲ್ ಉಳಿತಾಯದಿಂದಲೇ ಇಳಿಯುವ ಸಾಧ್ಯತೆ ಇದೆ. ಹೊಸ ವ್ಯವಸ್ಥೆ ಮೂರು ತಿಂಗಳು ಓಡಿದ ಮೇಲೆ ಅದೇ ಮೀಟರ್, ಅದೇ ತಕ್ಕಡಿ, ಅದೇ ಸಂಗ್ರಾಹಕದಿಂದ ಮತ್ತೊಮ್ಮೆ ಅಳೆದು, ಅಂದಾಜಿನ ಸಾಲಿನ ಪಕ್ಕದಲ್ಲೇ ನಿಜದ ಸಾಲನ್ನು ತುಂಬಿ. ಮುಂದಿನ ಆಯ್ಕೆಯಲ್ಲಿ ಯಾವ ಅಂಕಿಗೆ ಎಷ್ಟು ಅಗಲದ ವ್ಯಾಪ್ತಿ ಕೊಡಬೇಕೆಂದು ಆ ಎರಡು ಸಾಲುಗಳ ಅಂತರವೇ ತೋರಿಸುತ್ತದೆ.